ರೆಗಿನೆ ಹಿಲ್ಡೆಬ್ರಾಂಟ್ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಬರ್ಲಿನ್ ಗೋಡೆ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಸೋವಿಯತ್ ನಾಯಕ ಗೋರ್ಬಚೆವ್ ಇದ್ದರು, ಪಶ್ಚಿಮ ಜರ್ಮನಿಯ ಚಾನ್ಸಲರ್ ಕೋಲ್ ಇದ್ದರು. ಪೂರ್ವ ಜರ್ಮನಿಯ ಜನನಾಯಕಿ ರೆಗಿನೆ ಹಿಲ್ಡೆಬ್ರಾಂಟ್ ಇರಲಿಲ್ಲ. ಮನಸ್ಸಿಗೆ ಪಿಚ್ಚೆನಿಸಿತು, ಅದಕ್ಕೇ ಈ ಪತ್ರ.

ನಾನು ಇಪ್ಪತ್ತು ವರ್ಷದಿಂದ ಬರ್ಲಿನ್‌ನಲ್ಲಿದ್ದೇನೆ. ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ. ಊರಿನಿಂದ ಯಾರೇ ಬಂದರೂ ಬೆರ್ನಾವರ್ ಬೀದಿಗೆ ಕರೆದುಕೊಂಡು ಹೋಗುತ್ತೇನೆ. ಗೋಡೆ ಬಿದ್ದ ಕಡೆ ಈಗ ತುಕ್ಕು ಬಣ್ಣದ ಕಬ್ಬಿಣದ ಸರಳುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಮಕ್ಕಳು ಸಂದಿಯಲ್ಲಿ ಆಚೆ ಈಚೆ ನುಸುಳಿ ಆಡುತ್ತವೆ. 1961ರಲ್ಲಿ ಪೂರ್ವ, ಪಶ್ಚಿಮ ಬರ್ಲಿನ್ ನಡುವೆ ಗೋಡೆ ಎದ್ದಾಗ ಇಲ್ಲಿ ಒಂದು ಸಾಲಿನ ಮನೆಗಳು ಪೂರ್ವ ಬರ್ಲಿನ್‌ಗೆ ಸೇರಿದ್ದವು, ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. ಪಶ್ಚಿಮಕ್ಕೆ ತಪ್ಪಿಸಿಕೊಳ್ಳಲು ಜನ ಕಿಟಕಿಯಿಂದಲೇ ಕೆಳಗೆ ಹಾರಿದರು. ಆಮೇಲೆ ಆ ಕಿಟಕಿಗಳಿಗೂ ಇಟ್ಟಿಗೆ ಕಟ್ಟಿಬಿಟ್ಟರು. ಹಿಲ್ಡೆಬ್ರಾಂಟ್ ಬೆಳೆದದ್ದು ಇದೇ ಬೀದಿಯಲ್ಲಿ. ಗೋಡೆ ಎದ್ದಾಗ ಅವರಿಗೆ ಇಪ್ಪತ್ತು ವರ್ಷ, ಜೀವಶಾಸ್ತ್ರ ಓದುತ್ತಿದ್ದ ಹುಡುಗಿ.

ಮುಂದೆ ಔಷಧಿ ಕಾರ್ಖಾನೆಯಲ್ಲಿ, ಆಮೇಲೆ ಸಕ್ಕರೆ ಕಾಯಿಲೆ ಕೇಂದ್ರದಲ್ಲಿ ದುಡಿದರು. ರಾಜಕೀಯಕ್ಕೆ ಬಂದಾಗ ನಲವತ್ತೆಂಟು ವರ್ಷ. 1990ರಲ್ಲಿ ಪೂರ್ವ ಜರ್ಮನಿಯ ಕೊನೆಯ ಸರ್ಕಾರದಲ್ಲಿ ಮಂತ್ರಿ. ಅದೇ ವರ್ಷ ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ ಕಾರ್ಮಿಕರು, ಆರೋಗ್ಯ, ಮಹಿಳೆಯರ ವಿಷಯ ನೋಡಿಕೊಳ್ಳುವ ಮಂತ್ರಿಯಾದರು. ಎರಡು ಜರ್ಮನಿ ಒಂದಾದದ್ದೇ ತಡ, ಪೂರ್ವದ ಕಾರ್ಖಾನೆಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ನನ್ನ ಜೊತೆ ಕೆಲಸ ಮಾಡುವ ಹಿರಿಯ ಹೆಂಗಸು ಇದೇ ರಾಜ್ಯದ ಕೋಟ್‌ಬುಸ್ ಊರಿನ ಕಡೆಯವರು. ಅವರ ತಾಯಿ ನೇಯುತ್ತಿದ್ದ ಗಿರಣಿಯೂ ಮುಚ್ಚಿತು. ಆ ಮನೆಯ ಅಡುಗೆಮನೆಯಲ್ಲಿ, ಗಡಿಯಾರದ ಕೆಳಗೆ, ಪೇಪರ್‌ನಿಂದ ಕತ್ತರಿಸಿದ ಹಿಲ್ಡೆಬ್ರಾಂಟ್ ಫೋಟೊ ಇವತ್ತಿಗೂ ಇದೆ. ಅಂಚೆಲ್ಲ ಹಳದಿಯಾಗಿದೆ. "ನಮ್ಮ ಮಾತನ್ನು ನಮ್ಮ ಭಾಷೆಯಲ್ಲೇ ಆಡಿದವರು ಇವರೊಬ್ಬರೇ," ಎನ್ನುತ್ತಾರೆ ಆ ತಾಯಿ.

ನಿಜ. ಬರ್ಲಿನ್ ಆಡುಮಾತಿನಲ್ಲಿ, ಉಸಿರು ಬಿಡದೆ ಮಾತಾಡುತ್ತಿದ್ದರು. ಕೆಲಸ ಕಳೆದುಕೊಂಡವರಿಗೆ ಸರ್ಕಾರದ ದುಡ್ಡಿನಲ್ಲಿ ಕೆಲಸ ಕೊಡಿಸಲು ಹಟ ಹಿಡಿದರು. ಖರ್ಚು ಜಾಸ್ತಿ ಎಂದು ಬೈದವರೂ ಇದ್ದರು. ಸುಮ್ಮನೆ ಕೂರುವ ಜೀವ ಅದಲ್ಲ. 1996ರಲ್ಲಿ ಸ್ತನ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಅದನ್ನೂ ಮುಚ್ಚಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1999. ಆ ವರ್ಷದ ರಾಜ್ಯ ಚುನಾವಣೆಯಲ್ಲಿ ಅವರ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 54ರಿಂದ 39 ಪರ್ಸೆಂಟಿಗೆ ಇಳಿಯಿತು. ಅವರದೇ ಪಕ್ಷದ ಮುಖ್ಯಮಂತ್ರಿ ಸ್ಟೋಲ್ಪೆ ಎದುರಾಳಿ ಕ್ರಿಶ್ಚಿಯನ್ ಡೆಮಾಕ್ರಟರ ಜೊತೆ ಕೈಜೋಡಿಸಲು ಹೊರಟರು. ಹಿಲ್ಡೆಬ್ರಾಂಟ್ ಆಗಲ್ಲ ಎಂದರು, ಕುರ್ಚಿ ಬಿಟ್ಟರು. ಒಂಬತ್ತು ವರ್ಷದ ಮಂತ್ರಿಗಿರಿ, ಜನ ಕೈಯೆತ್ತಿ ಮುಗಿಯುತ್ತಿದ್ದ ಹೆಸರು. ಎದ್ದು ಹೋಗುವುದು ಸುಲಭ ಅಲ್ಲ, ಅಲ್ವಾ?

2001ರ ನವೆಂಬರ್ 26ರಂದು ತೀರಿಕೊಂಡಾಗ ಅವರಿಗೆ ಅರವತ್ತು. ಮುಂದಿನ ಸಲ ಗೋಡೆ ಬಗ್ಗೆ ಬರೆಸುವಾಗ ಬೆರ್ನಾವರ್ ಬೀದಿಯ ಈ ಹೆಣ್ಣುಮಗಳಿಗೂ ದಯವಿಟ್ಟು ಒಂದು ಕಾಲಂ ಜಾಗ ಕೊಡಿ.

— ನಿಮ್ಮ ಓದುಗಿ, ಬರ್ಲಿನ್