ಬಾಗಿಲ ಪಕ್ಕದ ಜಾಗ

ಬಂಧುಗಳೇ, ನಮಸ್ಕಾರ.

ಈ ಸಲ ಯುಗಾದಿ ಕಾರ್ಯಕ್ರಮದ ಬಗ್ಗೆ ಬರೆಯಬೇಕು ಅಂದುಕೊಂಡು ಕೂತಿದ್ದೆ. ಅದರ ವರದಿ, ಫೋಟೋ ಎಲ್ಲಾ ಒಳಪುಟಗಳಲ್ಲಿ ಇವೆ, ನೋಡಿ. ನನ್ನ ಮನಸ್ಸು ಮಾತ್ರ ಒಂದು ರೈಲಿನ ಹಿಂದೆ ಹೋಗಿಬಿಟ್ಟಿದೆ. ಲಂಡನ್ ಅಂಡರ್‌ಗ್ರೌಂಡಿನ, ಅಂದರೆ ಟ್ಯೂಬಿನ, ನಮ್ಮ ಪಿಕಡಿಲಿ ಲೈನಿನ ಹಳೇ ರೈಲು. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ ನಮ್ಮಲ್ಲಿ ಎಷ್ಟೋ ಜನ ಈ ದೇಶದಲ್ಲಿ ಹತ್ತಿದ ಮೊದಲ ಗಾಡಿ ಅದೇ. ಅದರ ಕಾಲ ಮುಗಿಯುತ್ತಾ ಬಂತು.

ನಾನು ಬಂದದ್ದು 1996ರ ನವೆಂಬರ್‌ನಲ್ಲಿ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಕರೆದುಕೊಂಡು ಹೋಗಲು ನಮ್ಮವರು ಬಂದಿದ್ದರು. ಎರಡು ದೊಡ್ಡ ಸೂಟ್‌ಕೇಸು. ಒಂದರಲ್ಲಿ ಅಮ್ಮ ಹಿತ್ತಾಳೆಯ ಶಾವಿಗೆ ಒರಳನ್ನು ಸೀರೆಗಳ ನಡುವೆ ಸುತ್ತಿಟ್ಟಿದ್ದರು. ಅದನ್ನು ಎತ್ತಿದರೆ ತೋಳು ಕಿತ್ತು ಬರುವಷ್ಟು ಭಾರ. ರೈಲು ಬಂದ ಕೂಡಲೇ ನಮ್ಮವರು, "ಸೀಟು ಹುಡುಕಬೇಡ, ಬಾಗಿಲ ಪಕ್ಕದಲ್ಲೇ ನಿಂತ್ಕೋ. ಅಲ್ಲಿ ಸಾಮಾನಿಗೆ ಜಾಗ ಇರುತ್ತೆ" ಅಂದರು. ನಿಂತೆ. ಗಾಜಿಗೆ ಒರಗಿಕೊಂಡು, ಕೋಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು.

ಎರಡು ಮೂರು ಸ್ಟೇಷನ್ ಆದಮೇಲೆ ರೈಲು ಜೋರಾಗಿ ಬ್ರೇಕ್ ಹಾಕಿತು. ಒರಳಿದ್ದ ಸೂಟ್‌ಕೇಸು ಉರುಳಿಕೊಂಡು ಹೋಗಿ, ಎದುರು ಕೂತು ಪೇಪರ್ ಓದುತ್ತಿದ್ದ ಒಬ್ಬರ ಮೊಣಕಾಲಿನ ಕೆಳಗೆ ಬಡಿಯಿತು. ನನಗೆ ಜೀವವೇ ಹೋದ ಹಾಗಾಯಿತು. ಸಾರಿ, ಸಾರಿ ಅಂದೆ. ಅವರು ಪೆಟ್ಟಿಗೆಯನ್ನೊಮ್ಮೆ ನೋಡಿದರು. ಕಾಲು ಚಾಚಿ ಬೂಟನ್ನು ಅದರ ಚಕ್ರಕ್ಕೆ ಒತ್ತಿ ಹಿಡಿದರು. ಮತ್ತೆ ಪೇಪರ್ ಓದಲು ಶುರು ಮಾಡಿದರು. ಅರ್ಲ್ಸ್ ಕೋರ್ಟ್ ಬರುವವರೆಗೂ ಆ ಕಾಲು ಕದಲಲಿಲ್ಲ. ನಾವು ಇಳಿಯುವಾಗ ಅವರೇ ಆ ಸೂಟ್‌ಕೇಸನ್ನು ಎತ್ತಿ ಪ್ಲಾಟ್‌ಫಾರ್ಮಿಗೆ ಇಟ್ಟು ಒಳಗೆ ಹೋದರು. ಬಾಗಿಲು ಮುಚ್ಚಿತು. ಅವರ ಮುಖ ನೆನಪಿಲ್ಲ. ಬೂಟು ನೆನಪಿದೆ, ಕಂದು ಬಣ್ಣದ್ದು.

ಬಾಗಿಲ ಪಕ್ಕದ ಆ ಜಾಗ ಸುಮ್ನೆ ಉಳಿದ ಜಾಗ ಅಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಈ ರೈಲಿಗೆ 1973ರ ಸ್ಟಾಕ್ ಅಂತ ಹೆಸರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆಟ್ರೋ ಕ್ಯಾಮೆಲ್ ಕಂಪನಿ ಕಟ್ಟಿದ್ದು. ಜನರನ್ನು ಹೊತ್ತು ಓಡಲು ಶುರುವಾದದ್ದು 1975ರಲ್ಲಿ. ಆಗ ಪಿಕಡಿಲಿ ಲೈನನ್ನು ವಿಮಾನ ನಿಲ್ದಾಣದ ಕಡೆಗೆ ಬೆಳೆಸುತ್ತಿದ್ದರು. 1977ರ ಡಿಸೆಂಬರ್‌ನಲ್ಲಿ ಹಳಿ ಹೀಥ್ರೂ ಒಳಗೇ ಬಂತು. ವಿಮಾನ ಇಳಿದವರು ಸಾಮಾನು ಹಿಡಿದುಕೊಂಡೇ ಬರುತ್ತಾರೆ ಅಂತ ಗೊತ್ತಿದ್ದೇ ಬಾಗಿಲುಗಳ ಹತ್ತಿರ ಹೆಚ್ಚು ಜಾಗ ಬಿಟ್ಟರು. ನೋಡಿ, ನಾನು ಅ ಆ ತಿದ್ದುವ ಮೊದಲೇ ಯಾರೋ ಒಬ್ಬರು ನಕ್ಷೆಯ ಮುಂದೆ ಕೂತು ನನ್ನ ಸೂಟ್‌ಕೇಸಿಗೆ ಜಾಗ ಗುರುತು ಮಾಡಿದ್ದರು. ಇದನ್ನು ತಿಳಿದ ದಿನ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಬರುವವರಿಗಾಗಿ ಮಾಡಿದ ರೈಲು ಅದು. ನಮಗಾಗಿ ಮಾಡಿದ್ದು.

ನಾನು ಬಂದಾಗ ಕೆಲವು ಗಾಡಿಗಳಲ್ಲಿ ಇನ್ನೂ ಪಟ್ಟಿ ಪಟ್ಟಿಯಾದ ಮರದ ನೆಲ ಇತ್ತು. ಮಳೆಯಲ್ಲಿ ನೆನೆದ ಬೂಟುಗಳಿಂದ ಆ ಮರಕ್ಕೆ ಒಂದು ವಾಸನೆ ಬರುತ್ತಿತ್ತು. ಆ ವರ್ಷದಿಂದಲೇ ಒಂದೊಂದಾಗಿ ಎಲ್ಲವನ್ನೂ ರಿಪೇರಿ ಮಾಡಿ, ಕೆಂಪು, ನೀಲಿ, ಬಿಳಿ ಬಣ್ಣ ಬಳಿದು ಕಳಿಸಿದರು. 2001ರ ಹೊತ್ತಿಗೆ ಮರದ ನೆಲ ಪೂರಾ ಹೋಯಿತು. ಹಿಂದಿನಿಂದ ಇದ್ದ ಹಿರಿಯರು ಆಗ ಅದಕ್ಕೆ ಮರುಗಿದ್ದರು. ನಾವು ಹೊಸದಾಗಿ ಬಂದವರು, ಅದರಲ್ಲೇನಿದೆ ಅಂದುಕೊಂಡಿದ್ದೆವು. ಈಗ ನಮ್ಮ ಸರದಿ.

ಹೆಸರಿಗೆ ಅಂಡರ್‌ಗ್ರೌಂಡ್. ಆದರೆ ಲಂಡನ್ನಿನ ಈ ರೈಲು ಜಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ನೆಲದ ಮೇಲೇ. ಹೌನ್ಸ್ಲೋ ವೆಸ್ಟ್ ದಾಟಿದರೆ ಬ್ಯಾರನ್ಸ್ ಕೋರ್ಟ್‌ವರೆಗೂ ಬೆಳಕು. ಸಾಲು ಮನೆಗಳ ಹಿತ್ತಲು, ಒಣಗಲು ಹಾಕಿದ ಬಟ್ಟೆ, ಚಿಮಣಿಗಳು. ಈ ದೇಶದ ಮನೆಗಳನ್ನು ನಾನು ಮೊದಲು ನೋಡಿದ್ದು ಹಿಂಬದಿಯಿಂದ. ಮುಂಬದಿ ನೋಡಿದ್ದು ಆಮೇಲೆ. ಆಕ್ಟನ್ ಟೌನ್‌ನಿಂದ ಹ್ಯಾಮರ್‌ಸ್ಮಿತ್‌ವರೆಗೆ ಡಿಸ್ಟ್ರಿಕ್ಟ್ ಲೈನ್ ಪಕ್ಕದಲ್ಲೇ ಬರುತ್ತದೆ. ಅದು ಎಲ್ಲಾ ಕಡೆ ನಿಲ್ಲುತ್ತದೆ, ನಮ್ಮದು ಸಾಮಾನ್ಯವಾಗಿ ನಿಲ್ಲದೆ ಓಡುತ್ತದೆ. ನನ್ನ ಮಕ್ಕಳು ಕಿಟಕಿಗೆ ಮೂಗು ಒತ್ತಿ "ನಾವು ಗೆದ್ವಿ, ನಾವು ಗೆದ್ವಿ" ಅಂತ ಕೂಗಿದ್ದಕ್ಕೆ ಲೆಕ್ಕವೇ ಇಲ್ಲ. ನಿಮ್ಮ ಮಕ್ಕಳೂ ಕೂಗಿರುತ್ತಾರೆ, ಅಲ್ವಾ?

ಅಮ್ಮ ಮೂರು ಸಲ ಬಂದು ನಮ್ಮ ಜೊತೆ ಇದ್ದು ಹೋದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಊರಿನ ಮಧ್ಯದ ಸ್ಟೇಷನ್‌ಗಳನ್ನು ನನಗಿಂತ ಚೆನ್ನಾಗಿ ಗುರುತಿಸುತ್ತಿದ್ದರು. 1906ರಲ್ಲಿ ಈ ಲೈನ್ ಶುರುವಾದಾಗ ಲೆಸ್ಲಿ ಗ್ರೀನ್ ಎಂಬ ವಾಸ್ತುಶಿಲ್ಪಿ ಒಂದೊಂದು ಸ್ಟೇಷನ್ನಿನ ಗೋಡೆಗೂ ಬೇರೆ ಬೇರೆ ಬಣ್ಣದ, ಬೇರೆ ಬೇರೆ ವಿನ್ಯಾಸದ ಟೈಲ್ಸ್ ಹಾಕಿಸಿದ್ದರು. ಅಮ್ಮನಿಗೆ ಅದೇ ಅಕ್ಷರ. "ಇದಾದ ಮೇಲಿನದು ನಮ್ಮದು, ಏಳು" ಅಂತ ನನ್ನನ್ನು ಎಬ್ಬಿಸುತ್ತಿದ್ದರು. ಹೊಸ ರೈಲು ಬಂದರೂ ಆ ಗೋಡೆಗಳು ಇರುತ್ತವೆ, ಸದ್ಯ.

ಈ ರೈಲಿನ ಬಗ್ಗೆ ಬರೆಯುವಾಗ ಒಂದು ದಿನವನ್ನು ಬಿಡುವ ಹಾಗಿಲ್ಲ. 2005ರ ಜುಲೈ 7. ಕಿಂಗ್ಸ್ ಕ್ರಾಸ್‌ನಿಂದ ರಸೆಲ್ ಸ್ಕ್ವೇರ್ ಕಡೆಗೆ ಹೊರಟ ಪಿಕಡಿಲಿ ರೈಲಿನಲ್ಲಿ ಬಾಂಬು ಸಿಡಿಯಿತು. ಅದೊಂದರಲ್ಲೇ 26 ಜನ ಹೋದರು. ನಗರದಲ್ಲಿ ಒಟ್ಟು 52 ಜನ. ಅವತ್ತು ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಬಳಗದವರು ಒಬ್ಬರಿಗೊಬ್ಬರು ಫೋನ್ ಮಾಡುತ್ತಲೇ ಇದ್ದೆವು. ಎಷ್ಟು ಮನೆಗಳಲ್ಲಿ ಸಂಜೆವರೆಗೂ ಒಲೆ ಹತ್ತಲಿಲ್ಲ. ಆಮೇಲೆ ಕೆಲವು ವಾರ ನಮ್ಮ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಟ್ಯೂಬ್ ಹತ್ತಲು ಹಿಂಜರಿಯುತ್ತಿದ್ದರು. ಜನರ ಕಣ್ಣು ಚೀಲದ ಮೇಲೆ, ಆಮೇಲೆ ಮುಖದ ಮೇಲೆ ಹೋಗುತ್ತಿತ್ತು. ನಾನು ಮತ್ತೆ ಮೊದಲ ಸಲ ಹತ್ತಿದ ದಿನ ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ವಯಸ್ಸಾದ ಒಬ್ಬ ಹೆಂಗಸು ತನ್ನ ಪಕ್ಕದ ಖಾಲಿ ಸೀಟನ್ನು ಕೈಯಿಂದ ತಟ್ಟಿ ತೋರಿಸಿದರು. ಹೋಗಿ ಕೂತೆ. ಇಬ್ಬರೂ ಏನೂ ಮಾತಾಡಲಿಲ್ಲ.

ಹಾಗಂತ ಈ ರೈಲು ಹೀಗೇ ಇರಲಿ ಅಂತ ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಅದರೊಳಗೆ ನಿಂತವರಿಗೆ ಗೊತ್ತು. ಅಮ್ಮನಿಗೆ ಒಮ್ಮೆ ಆಗಸ್ಟ್‌ನಲ್ಲಿ ತಲೆ ಸುತ್ತಿ ಬಂದು ಮಧ್ಯದಲ್ಲೇ ಇಳಿಸಿ ನೀರು ಕುಡಿಸಬೇಕಾಯಿತು. ಸುರಂಗಗಳ ಸುತ್ತ ಇರುವುದು ಜೇಡಿಮಣ್ಣು. ತೋಡಿದ ಕಾಲದಲ್ಲಿ ಆ ಮಣ್ಣು ಸುಮಾರು 14 ಡಿಗ್ರಿ ತಂಪಾಗಿತ್ತು. ನೂರು ವರ್ಷ ರೈಲುಗಳ ಬ್ರೇಕು, ಮೋಟಾರು, ಜನರ ಮೈ, ಎಲ್ಲದರ ಶಾಖ ಕುಡಿದು ಕುಡಿದು ಈಗ ಅದೇ ಬೆಚ್ಚಗಾಗಿದೆ. ಸುರಂಗ ಬೇರೆ ಇಕ್ಕಟ್ಟು. ಹಳೇ ಗಾಡಿಗೆ ಏಸಿ ಕೂರಿಸಲು ಜಾಗವೇ ಇಲ್ಲ. ಶರದೃತುವಿನಲ್ಲಿ ಇನ್ನೊಂದು ತೊಂದರೆ. ಬಯಲಿನ ಹಳಿಯ ಮೇಲೆ ಎಲೆ ಬಿದ್ದು ಅರೆದು ಜಾರುತ್ತದೆ. ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಉಜ್ಜಿಕೊಂಡು ಹೋಗಿ ಒಂದು ಕಡೆ ಚಪ್ಪಟೆ ಆಗುತ್ತದೆ. ಆಮೇಲೆ ಅದನ್ನು ಶೆಡ್ಡಿಗೆ ಕಳಿಸಿ ಚಕ್ರವನ್ನು ಮತ್ತೆ ದುಂಡಗೆ ಕಡೆಯಲೇಬೇಕು. ಐವತ್ತು ವರ್ಷ ದುಡಿದ ಗಾಡಿ. ಸಾಕು, ದಣಿದಿದೆ.

ಬರುತ್ತಿರುವ ರೈಲು ಸೀಮೆನ್ಸ್ ಕಂಪನಿಯದು. ಒಟ್ಟು 94. ಒಂದಷ್ಟನ್ನು ನಮ್ಮ ಯಾರ್ಕ್‌ಷೈರಿನ ಗೂಲ್ ಊರಿನಲ್ಲೇ ಜೋಡಿಸುತ್ತಿದ್ದಾರೆ. ಮೊದಲನೆಯದು 2024ರ ಅಕ್ಟೋಬರ್‌ನಲ್ಲಿ ಪರೀಕ್ಷೆಗೆಂದು ಲಂಡನ್ನಿಗೆ ಬಂತು. 2025ರಲ್ಲೇ ಓಡಬೇಕಿತ್ತು, ಮುಂದಕ್ಕೆ ಹೋಯಿತು. ಹಳೆಯದಕ್ಕೆ ಆರು ಬೋಗಿ. ಹೊಸದಕ್ಕೆ ಒಂಬತ್ತು ಚಿಕ್ಕ ಬೋಗಿ, ಈ ತುದಿಯಿಂದ ಆ ತುದಿಗೆ ಒಳಗೇ ನಡೆದು ಹೋಗಬಹುದು. ಒಟ್ಟಾರೆ ಚಕ್ರಗಳು ಕಡಿಮೆ ಇರುವುದರಿಂದ ಕೆಳಗೆ ಜಾಗ ಉಳಿಯುತ್ತದೆ. ಆ ಜಾಗದಿಂದಾಗಿಯೇ ಏಸಿ ಹಾಕಲು ಸಾಧ್ಯವಾಗಿದೆ. ಲಂಡನ್ನಿನ ಆಳದ ಟ್ಯೂಬ್ ಲೈನ್‌ಗಳಲ್ಲಿ ಇದೇ ಮೊದಲು. ಮುಂದೆ ಅಪ್ಪ ಅಮ್ಮನನ್ನು ಬೇಸಿಗೆಯಲ್ಲಿ ಕರೆಸಿಕೊಳ್ಳುವವರಿಗೆ ಇದು ದೊಡ್ಡ ಉಪಕಾರ. ನಮ್ಮಮ್ಮನಿಗೆ ಸಿಗಲಿಲ್ಲ.

ಹಳೆಯವು ಎಲ್ಲಿ ಹೋಗುತ್ತವೆ? ಬಹುಪಾಲು ಗುಜರಿಗೆ. ಆದರೆ ಎಲ್ಲಾ ರೈಲಿನ ಕಥೆಯೂ ಹಾಗೆ ಮುಗಿಯುವುದಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಿದ್ದೆವು. ರೈಡ್ ಊರಿನ ಕಟ್ಟೆಯ ತುದಿಯಲ್ಲಿ, ಸಮುದ್ರದ ಮೇಲೆ, ಒಂದು ಕೆಂಪು ಟ್ಯೂಬ್ ರೈಲು ನಿಂತಿತ್ತು. 1938ರ ಮಾದರಿ. ಅಲ್ಲಿನ ಸುರಂಗದ ಎತ್ತರ ಕಡಿಮೆ, ದೊಡ್ಡ ರೈಲು ಹಿಡಿಸುವುದಿಲ್ಲ. ಹಾಗಾಗಿ ಲಂಡನ್ ಬೇಡ ಅಂದದ್ದನ್ನು ಆ ದ್ವೀಪ ಇಟ್ಟುಕೊಂಡಿತ್ತು. ಎಂಬತ್ತು ವರ್ಷ ದಾಟಿದ ಮೇಲೆ, 2021ರ ಜನವರಿಯಲ್ಲಿ ಅವು ನಿಂತವು. ಅವುಗಳ ಜಾಗಕ್ಕೆ ಬಂದದ್ದು ಯಾವುದು ಗೊತ್ತಾ? 2017ರಲ್ಲಿ ಲಂಡನ್ ಬಿಟ್ಟ ಡಿಸ್ಟ್ರಿಕ್ಟ್ ಲೈನ್ ರೈಲುಗಳು, ಹೊಸ ಮೋಟಾರು ಹಾಕಿಸಿಕೊಂಡು. ನನ್ನ ಮಕ್ಕಳು ದಿನವೂ ಸೋಲಿಸುತ್ತಿದ್ದ ರೈಲುಗಳು ಈಗ ಸಮುದ್ರದ ಗಾಳಿಯಲ್ಲಿ ಓಡುತ್ತಿವೆ. ಮಗಳಿಗೆ ಹೇಳಿದಾಗ ಸ್ವಲ್ಪ ಹೊತ್ತು ಫೋನಿನಲ್ಲಿ ಸುಮ್ಮನಾಗಿಬಿಟ್ಟಳು.

ಈಗ ನಾನು ಇದನ್ನೆಲ್ಲಾ ಯಾಕೆ ಬರೆದೆ ಅಂದರೆ, ನಮ್ಮ ಬಳಗದ ಹಿರಿಯರೊಬ್ಬರು ನೆನಪಾದರು. 1968ರಲ್ಲಿ ಬಂದವರು. ಒಮ್ಮೆ ಕಾರ್ಯಕ್ರಮ ಮುಗಿಸಿ ಅವರನ್ನು ಮನೆಗೆ ಬಿಡಲು ಹೋಗುವಾಗ ಆಲ್ಡ್‌ವಿಚ್ ರೈಲಿನ ಕಥೆ ಹೇಳಿದ್ದರು. ಹೋಬರ್ನ್‌ನಿಂದ ಆಲ್ಡ್‌ವಿಚ್‌ಗೆ ಪಿಕಡಿಲಿ ಲೈನಿನದೇ ಒಂದು ಚಿಕ್ಕ ಕವಲು ಇತ್ತು, ಒಂದೇ ಸ್ಟೇಷನ್. ಬೆಳಿಗ್ಗೆ ಸಂಜೆ ಕೆಲಸದ ಹೊತ್ತಿನಲ್ಲಿ ಮಾತ್ರ ಓಡುತ್ತಿತ್ತು. ಇಳಿದರೆ ಭಾರತದ ಹೈ ಕಮಿಷನ್ ಇರುವ ಇಂಡಿಯಾ ಹೌಸ್ ಹತ್ತಿರ. ಪಾಸ್‌ಪೋರ್ಟ್ ಕೆಲಸಕ್ಕೆ ಹೋದಾಗ ಆ ರೈಲಿನಲ್ಲಿ ಅವರಿಗೆ ಇನ್ನೊಬ್ಬ ಕನ್ನಡಿಗರು ಸಿಕ್ಕಿದ್ದರಂತೆ. ಹೇಗೆ ಗುರುತು ಹಿಡಿದರು, ಏನು ಮಾತಾಡಿದರು, ಎಲ್ಲಾ ಹೇಳಿದ್ದರು. ನಾನು ರಸ್ತೆ ನೋಡುತ್ತಾ ಅರ್ಧ ಕೇಳಿಸಿಕೊಂಡೆ. "ಬರೆದು ಕೊಡಿ ಸರ್, ಪತ್ರಿಕೆಗೆ ಹಾಕೋಣ" ಅಂದೆ. "ಕೊಡ್ತೀನಮ್ಮ" ಅಂದರು. ಆ ಕವಲು 1994ರಲ್ಲೇ ಮುಚ್ಚಿತ್ತು, ನಾನು ಬರುವ ಎರಡು ವರ್ಷ ಮೊದಲು. ಅವರೂ ಬರೆಯುವ ಮೊದಲೇ ಹೊರಟುಹೋದರು. ಆ ಕಥೆ ಈಗ ಯಾರ ಹತ್ತಿರವೂ ಇಲ್ಲ. ನನ್ನ ಹತ್ತಿರ ಇರುವ ಅರ್ಧವೂ ಮಸುಕು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮೊದಲ ಟ್ಯೂಬ್ ಪ್ರಯಾಣವನ್ನು ಬರೆದು ಕಳಿಸಿ. ಯಾವ ವರ್ಷ, ಯಾರು ಕರೆಯಲು ಬಂದಿದ್ದರು, ಪೆಟ್ಟಿಗೆಯಲ್ಲಿ ಏನಿತ್ತು, ಎಲ್ಲಿ ಇಳಿದಿರಿ. ನಾಲ್ಕು ಸಾಲಾದರೂ ಸಾಕು. ಕೈಬರಹವಾದರೆ ಫೋಟೋ ತೆಗೆದು ಕಳಿಸಿ, ನಾವು ಟೈಪ್ ಮಾಡಿಕೊಳ್ಳುತ್ತೇವೆ. ಬರೆಯಲು ಆಗದ ಹಿರಿಯರಿದ್ದರೆ ಮಕ್ಕಳು, ಮೊಮ್ಮಕ್ಕಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಾಗೆಯೇ ರೈಲು ಹತ್ತಿದಾಗ ಅದರ ಸದ್ದನ್ನೂ ಹಿಡಿದಿಟ್ಟುಕೊಳ್ಳಿ. ಹೊರಡುವಾಗ ಹಂತ ಹಂತವಾಗಿ ಏರುವ ಆ ಮೋಟಾರಿನ ದನಿ ಹೊಸ ರೈಲಿನಲ್ಲಿ ಇರುವುದಿಲ್ಲ. ಮುಂದಿನ ಸಂಚಿಕೆಯ ನಾಲ್ಕು ಪುಟಗಳನ್ನು ಇದಕ್ಕೇ ಎತ್ತಿಟ್ಟಿದ್ದೇನೆ. ಹೆಚ್ಚು ಬಂದರೆ ಪುಟ ಹೆಚ್ಚಿಸೋಣ, ಜಾಹೀರಾತು ಕಡಿಮೆ ಮಾಡಿದರಾಯಿತು.

ಇನ್ನೊಂದು ಯೋಚನೆ ಇದೆ. ಹಳೇ ರೈಲು ಇನ್ನೂ ಓಡುತ್ತಿರುವಾಗಲೇ ಒಂದು ಭಾನುವಾರ ಎಲ್ಲರೂ ಸೇರಿ ಹೀಥ್ರೂದಿಂದ ಕಾಕ್‌ಫಾಸ್ಟರ್ಸ್‌ವರೆಗೆ ಹೋಗೋಣ. ಸುಮಾರು ಒಂದೂವರೆ ಗಂಟೆ ಆಗುತ್ತದೆ. ಕೊನೆಯ ಭಾಗವನ್ನು ನಮ್ಮಲ್ಲಿ ಎಷ್ಟೋ ಜನ ನೋಡೇ ಇಲ್ಲ. ಚಾರ್ಲ್ಸ್ ಹೋಲ್ಡನ್ ಕಟ್ಟಿದ ಆರ್ನೋಸ್ ಗ್ರೋವ್, ಸೌತ್‌ಗೇಟ್‌ನ ದುಂಡನೆಯ ಸ್ಟೇಷನ್‌ಗಳು ಆ ಕಡೆಯೇ ಇವೆ. ಹಿರಿಯರಿಗೆ ಸೀಟು. ಮಕ್ಕಳಿಗೆ ಆಕ್ಟನ್ ಟೌನ್‌ನಿಂದ ಎಡ ಬಲದ ಕಿಟಕಿಗಳು. ದಿನಾಂಕವನ್ನು ವಾಟ್ಸಾಪ್ ಗುಂಪಿನಲ್ಲಿ ತಿಳಿಸುತ್ತೇನೆ.

ಬರುವವರು ಮೊದಲೇ ಹೇಳಿ. ನಾನು ಟರ್ಮಿನಲ್ 2 ಮತ್ತು 3ರ ಸ್ಟೇಷನ್ನಿನಲ್ಲಿ ಹತ್ತುತ್ತೇನೆ. ಸೀಟು ಖಾಲಿ ಇದ್ದರೂ ಬಾಗಿಲ ಪಕ್ಕದಲ್ಲೇ ನಿಂತಿರುತ್ತೇನೆ, ಅಲ್ಲೇ ಹುಡುಕಿ.

ನಿಮ್ಮ ಸಂಪಾದಕಿ