ಜಿಪಿಯುಗೆ ದುಡ್ಡು ಸರಿ, ಕನ್ನಡದ ಡೇಟಾಗೆ ಎಷ್ಟು?

ಸಂಪಾದಕರಿಗೆ,

ಮಾನ್ಯರೇ,

ದೇಶದೊಳಗೇ ಎಐ ಕಂಪ್ಯೂಟಿಂಗ್ ಸಾಮರ್ಥ್ಯ ಬೆಳೆಸಲು ಸರ್ಕಾರ ಇಂಡಿಯಾ ಎಐ ಮಿಷನ್ ಅನ್ನುವ ಯೋಜನೆಯಲ್ಲಿ ದುಡ್ಡು ಹಾಕುತ್ತಿರುವ ಬಗ್ಗೆ ಸುದ್ದಿ ಬಂದಾಗಲೆಲ್ಲ ಒಂದೇ ಲೆಕ್ಕ ಎದ್ದು ಕಾಣುತ್ತದೆ. ಎಷ್ಟು ಜಿಪಿಯು, ಅಂದರೆ ಎಐಗೆ ಬೇಕಾದ ಭಾರೀ ಲೆಕ್ಕ ಮಾಡುವ ಚಿಪ್ಪು, ಬಂತು ಅನ್ನುವುದು. ಶುರುವಿನಲ್ಲಿ ಗುರಿ ಇದ್ದದ್ದು 10 ಸಾವಿರ. 2025ರ ಜನವರಿಯಲ್ಲಿ 18,693 ಅಂದರು. ಮೇ ಹೊತ್ತಿಗೆ 34 ಸಾವಿರ ದಾಟಿತು, ಆಮೇಲೆ 38 ಸಾವಿರವನ್ನೂ ದಾಟಿತು. ಕಂಪ್ಯೂಟರ್ ಸೈನ್ಸ್ ಪಾಠ ಮಾಡುವ ನನಗೆ ಇದು ನಿಜಕ್ಕೂ ಖುಷಿಯ ಸುದ್ದಿ. ಆದರೆ ಅದೇ ಯೋಜನೆಯ ಕಾಗದದಲ್ಲಿ ಇನ್ನೊಂದು ಅಂಕಿ ಇದೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

2024ರ ಮಾರ್ಚ್ 7ರಂದು ಕೇಂದ್ರ ಸಂಪುಟ ಒಪ್ಪಿದ ಇಂಡಿಯಾ ಎಐ ಮಿಷನ್‌ಗೆ ಐದು ವರ್ಷಕ್ಕೆ ಸುಮಾರು 10,372 ಕೋಟಿ ರೂಪಾಯಿ. ಅದರಲ್ಲಿ ಕಂಪ್ಯೂಟಿಂಗ್‌ಗೆ ಅಂತ ಎತ್ತಿಟ್ಟದ್ದು ಸುಮಾರು 4,563 ಕೋಟಿ. ಆ ಯಂತ್ರಗಳು ಏನನ್ನು ಓದಿ ಕಲಿಯಬೇಕೋ ಆ ಡೇಟಾದ ವೇದಿಕೆಗೆ 199.55 ಕೋಟಿ. ಅಂದರೆ ಯಂತ್ರಕ್ಕೆ ನೂರು ರೂಪಾಯಿ ಕೊಟ್ಟರೆ ಡೇಟಾಗೆ ನಾಲ್ಕೂವರೆ ರೂಪಾಯಿಯೂ ಇಲ್ಲ. ಭಾಷೆಗಳಿಗೆ ಭಾಷಿಣಿ ಅನ್ನುವ ಬೇರೆ ಯೋಜನೆ ಇದೆ, ಒಪ್ಪುತ್ತೇನೆ. ಅದನ್ನು ಸೇರಿಸಿ ನೋಡಿದರೂ ನಮ್ಮ ಗಮನವೆಲ್ಲ ಯಂತ್ರದ ಕಡೆಗೇ ವಾಲಿದೆ.

ಯಂತ್ರಕ್ಕೆ ದುಡ್ಡು ಬೇಡ ಅನ್ನುವುದು ನನ್ನ ವಾದವಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕ ನಮಗೆ ಸೂಪರ್ ಕಂಪ್ಯೂಟರ್ ಕೊಡಲು ತಕರಾರು ಮಾಡಿತು. ಅದಾದ ಮೇಲೆ ಪುಣೆಯಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ನಮ್ಮದೇ ಸೂಪರ್ ಕಂಪ್ಯೂಟರ್ ಪರಮ್ 8000 ಬಂತು. ಆ ಕಥೆ ನಮ್ಮ ತಲೆಮಾರಿನವರಿಗೆ ಬಾಯಿಪಾಠ. 2025ರ ಜನವರಿಯಲ್ಲಿ ಮತ್ತೆ ಅಂಥದ್ದೇ ಪರಿಸ್ಥಿತಿ ಎದುರಾಯಿತು. ಯಾವ ದೇಶಕ್ಕೆ ಎಷ್ಟು ಎಐ ಚಿಪ್ ಮಾರಬಹುದು ಅಂತ ಅಮೆರಿಕ ಒಂದು ನಿಯಮ ತಂದಿತು. ಮಿತಿ ಹಾಕಿದ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು. ಮೇ ತಿಂಗಳಲ್ಲಿ ಅದನ್ನು ವಾಪಸ್ ತೆಗೆದುಕೊಂಡರು, ನಿಜ. ಆದರೆ ಇನ್ನೊಬ್ಬರ ಒಂದು ಸಹಿಯಿಂದ ನಮ್ಮ ಕೆಲಸ ನಿಲ್ಲಬಹುದು ಅನ್ನುವುದು ಗೊತ್ತಾಯಿತಲ್ಲ, ಅಷ್ಟು ಸಾಕು. ಚಿಪ್ಪನ್ನು ಈಗಲೂ ಹೊರಗಿನಿಂದಲೇ ತರಬೇಕು. ಅದು ಕೂತು ಕೆಲಸ ಮಾಡುವ ಜಾಗ, ಅದನ್ನು ನಡೆಸುವ ಜನ, ಇವಾದರೂ ಇಲ್ಲೇ ಇರಲಿ.

ಈ ದುಡ್ಡು ಹೇಗೆ ಹರಿಯುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಸರ್ಕಾರ ಜಿಪಿಯು ಕೊಂಡು ತನ್ನ ಕಟ್ಟಡದಲ್ಲಿ ಇಟ್ಟುಕೊಂಡಿದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಖಾಸಗಿ ಡೇಟಾ ಸೆಂಟರ್ ಕಂಪನಿಗಳು ಟೆಂಡರ್‌ನಲ್ಲಿ ಗಂಟೆಗೆ ಇಷ್ಟು ಅಂತ ದರ ಕೂಗುತ್ತವೆ. ಸ್ಟಾರ್ಟಪ್‌ಗಳು, ವಿಶ್ವವಿದ್ಯಾಲಯಗಳು, ಸಂಶೋಧಕರು, ವಿದ್ಯಾರ್ಥಿಗಳು ಅರ್ಜಿ ಹಾಕಿ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಆ ಬಾಡಿಗೆಯಲ್ಲಿ ಶೇ 40ರವರೆಗೆ ಸರ್ಕಾರ ಕಟ್ಟುತ್ತದೆ. ಹೀಗಾಗಿ ಗಂಟೆಗೆ ಸರಾಸರಿ 65 ರೂಪಾಯಿಯ ಆಸುಪಾಸಿನಲ್ಲಿ ಜಿಪಿಯು ಸಿಗುತ್ತಿದೆ. ಇದು ಜಾಣತನದ ವ್ಯವಸ್ಥೆಯೇ. ನೂರಾರು ಕೋಟಿಯ ಯಂತ್ರ ಕೊಂಡು ಧೂಳು ಹಿಡಿಸುವ ಗೋಳು ಇಲ್ಲ.

ಆದರೆ ಬಾಡಿಗೆ ಕಟ್ಟಿದವರ ಕೈಯಲ್ಲಿ ಕೊನೆಗೆ ಉಳಿಯುವುದೇನು? ಮಿಷನ್ ಮುಗಿದ ದಿನ ಯಂತ್ರ ಕಂಪನಿಯದ್ದೇ. ಅದೂ ಅಷ್ಟರಲ್ಲಿ ಹಳೆಯದಾಗಿರುತ್ತದೆ. ಈಗ ಎಲ್ಲರೂ ಹೆಸರು ಹೇಳುವ ಎನ್‌ವಿಡಿಯಾ ಕಂಪನಿಯ ಎಚ್100 ಜಿಪಿಯು ಬಂದದ್ದು 2022ರಲ್ಲಿ. 2024ರಲ್ಲೇ ಅದೇ ಕಂಪನಿ ಅದಕ್ಕಿಂತ ಜೋರಾದ ಬ್ಲ್ಯಾಕ್‌ವೆಲ್ ಘೋಷಿಸಿತು. ಚಿಪ್ಪಿನ ಆಯಸ್ಸು ಅಷ್ಟೇ. ಒಳ್ಳೆಯ ಡೇಟಾ ಹಾಗಲ್ಲ. ಇವತ್ತು ಸರಿಯಾಗಿ ಬರೆದಿಟ್ಟ ಒಂದು ಗಂಟೆಯ ಕನ್ನಡ ಮಾತು ಇನ್ನು ಇಪ್ಪತ್ತು ವರ್ಷದ ನಂತರದ ಚಿಪ್ಪಿಗೂ ಕೆಲಸಕ್ಕೆ ಬರುತ್ತದೆ.

ನಮ್ಮ ಕಾಲೇಜಿನ ಮಕ್ಕಳ ಕೆಲಸವನ್ನೇ ನೋಡಿ. ದಾವಣಗೆರೆ ಸುತ್ತ ಮೆಕ್ಕೆಜೋಳ ಜಾಸ್ತಿ. ಅಂತಿಮ ವರ್ಷದ ಒಂದು ತಂಡ ರೈತರ ಮಾತನ್ನು ಅಕ್ಷರಕ್ಕೆ ಇಳಿಸುವ ಸಣ್ಣ ಎಐ ಮಾದರಿ ಮಾಡಲು ಹೊರಟಿತು. ಮಾರುಕಟ್ಟೆಗೆ ಹೋಗಿ, ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ಮಾತು ಹಿಡಿದುಕೊಂಡು ಬಂದರು. ಈಗಾಗಲೇ ಸಿಗುವ ಮಾದರಿಗಳು ಟಿವಿ ವಾರ್ತೆಯ ಕನ್ನಡವನ್ನು ಚೆನ್ನಾಗಿ ಬರೆಯುತ್ತವೆ. ಹರಪನಹಳ್ಳಿ ಕಡೆಯ ಹಿರಿಯರೊಬ್ಬರು ತೇವದ ಪ್ರಮಾಣ, ತೂಕ, ಕಮಿಷನ್ ಬಗ್ಗೆ ಗಡಗಡನೆ ಮಾತಾಡಿದಾಗ ಅರ್ಧಕ್ಕರ್ಧ ತಪ್ಪು. ಹಿಂದೆ ಲಾರಿ ಹಾರ್ನ್ ಬೇರೆ. ಸರಿ, ನಾವೇ ಬರೆದು ಕಲಿಸೋಣ ಅಂತ ಮಕ್ಕಳು ಕೂತರು. ಒಂದು ಗಂಟೆಯ ಮಾತನ್ನು ಕೇಳಿ, ನಿಲ್ಲಿಸಿ, ಹಿಂದಕ್ಕೆ ಹೋಗಿ, ಬರೆದು, ಇನ್ನೊಬ್ಬರಿಂದ ತಿದ್ದಿಸಲು ಒಂದು ಇಡೀ ದಿನ ಹಿಡಿಯುತ್ತದೆ. ಮಾತಾಡಿದ್ದು ಒಬ್ಬರೋ ಇಬ್ಬರೋ, ನುಂಗಿದ ಪ್ರತ್ಯಯವನ್ನು ಬರೆಯಬೇಕೋ ಬೇಡವೋ, ಪ್ರತಿ ಸಾಲಿಗೂ ಚರ್ಚೆ. ಈ ಕೆಲಸವನ್ನು ಯಾವ ಜಿಪಿಯುವೂ ಮಾಡಿಕೊಡುವುದಿಲ್ಲ. ಆ ಊರಿನ ಕಿವಿಯೇ ಬೇಕು.

ಕನ್ನಡಕ್ಕೆ ಡೇಟಾ ಕಡಿಮೆ ಇರುವುದರಿಂದ ಜಿಪಿಯು ದುಡ್ಡೂ ಪೋಲಾಗುತ್ತದೆ ಅನ್ನುವುದನ್ನು ಜನ ಗಮನಿಸುವುದಿಲ್ಲ. ಭಾಷಾ ಮಾದರಿಗಳು ಪಠ್ಯವನ್ನು ಟೋಕನ್ ಅನ್ನುವ ತುಣುಕುಗಳಾಗಿ ಒಡೆದು ಓದುತ್ತವೆ. ಒಡೆಯುವ ಉಪಕರಣ ಯಾವ ಭಾಷೆಯನ್ನು ಹೆಚ್ಚು ನೋಡಿದೆಯೋ ಆ ಭಾಷೆಯ ಪದಗಳನ್ನು ದೊಡ್ಡ ತುಣುಕುಗಳಾಗಿ ಹಿಡಿಯುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷ ಲೇಖನಗಳಿವೆ. ಕನ್ನಡದ್ದರಲ್ಲಿ 30 ಸಾವಿರದ ಆಚೀಚೆ. ಹಾಗಾಗಿ ಇಂಗ್ಲಿಷನ್ನೇ ಹೆಚ್ಚು ನೋಡಿ ತಯಾರಾದ ಉಪಕರಣ ನಮ್ಮ ಪದಗಳನ್ನು ಪುಡಿಪುಡಿ ಮಾಡುತ್ತದೆ. ಅದೇ ವಿಷಯಕ್ಕೆ ಕನ್ನಡದಲ್ಲಿ ಜಾಸ್ತಿ ಟೋಕನ್. ಟೋಕನ್ ಜಾಸ್ತಿಯಾದರೆ ಜಿಪಿಯು ಹೊತ್ತೂ ಜಾಸ್ತಿ, ಬಾಡಿಗೆಯೂ ಜಾಸ್ತಿ. ಡೇಟಾಗೆ ದುಡ್ಡು ಹಾಕದೆ ಬರೀ ಗಂಟೆಗಳಿಗೆ ಸಬ್ಸಿಡಿ ಕೊಡುವುದು ಗಿರಣಿ ಕಟ್ಟಿಸಿ ರಾಗಿ ಬಿತ್ತುವುದನ್ನು ಮರೆತ ಹಾಗೆ.

ಕೆಲಸ ಆಗಿಯೇ ಇಲ್ಲ ಅಂತೇನೂ ಅಲ್ಲ. ಬೆಂಗಳೂರಿನ ಐಐಎಸ್‌ಸಿ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ವಾಣಿ ಯೋಜನೆ ದೇಶದ 773 ಜಿಲ್ಲೆಗಳಿಂದ ಮಾತು ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ, ಡೇಟಾವನ್ನು ಮುಕ್ತವಾಗಿ ಹಂಚುತ್ತಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾಷಾ ದತ್ತಾಂಶದ ಕೆಲಸ ವರ್ಷಗಳಿಂದ ನಡೆದಿದೆ. ಇಂಥವರಿಗೆ ಇನ್ನೂ ನಾಲ್ಕು ಪಟ್ಟು ದುಡ್ಡು ಕೊಟ್ಟರೂ ಕಂಪ್ಯೂಟಿಂಗ್ ಮೊತ್ತದ ಮುಂದೆ ಅದು ಸಣ್ಣದೇ. ಇಂಡಿಯಾ ಎಐ ಮಿಷನ್‌ನ ಮೊದಲ ಹಣಕಾಸು ವರ್ಷಕ್ಕೆ ಬಜೆಟ್‌ನಲ್ಲಿ ಇಟ್ಟ 551.75 ಕೋಟಿಯನ್ನು ಪರಿಷ್ಕೃತ ಅಂದಾಜಿನಲ್ಲಿ 173 ಕೋಟಿಗೆ ಇಳಿಸಿದರು. ಖರ್ಚಾಗದೆ ಉಳಿಯುವ ದುಡ್ಡಿನಲ್ಲಿ ಒಂದಷ್ಟನ್ನು ಇತ್ತ ತಿರುಗಿಸಬಹುದಿತ್ತು ಅಲ್ವಾ?

ನಮ್ಮ ರಾಜ್ಯ ಸರ್ಕಾರವನ್ನೂ ಕೇಳಬೇಕಾದ್ದಿದೆ. ಕರ್ನಾಟಕದ ಕಚೇರಿಗಳಲ್ಲಿ ದಶಕಗಳಿಂದ ಕನ್ನಡದಲ್ಲೇ ಆದೇಶ, ಸುತ್ತೋಲೆ, ವರದಿ ಟೈಪ್ ಆಗುತ್ತಿವೆ. ಇಷ್ಟು ದೊಡ್ಡ ಕನ್ನಡದ ರಾಶಿ ಬೇರೆಲ್ಲಿದೆ? ಆದರೆ ಅದರಲ್ಲಿ ಬಹಳಷ್ಟು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದೆ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಸಂಕೇತದಲ್ಲಿ ಅಲ್ಲ. ಪರದೆ ಮೇಲೆ ಮುದ್ದಾದ ಕನ್ನಡ ಕಾಣುತ್ತದೆ. ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಸೊಟ್ಟ ಗೀಟು ಹಾಕಿದ ರೋಮನ್ ಅಕ್ಷರಗಳ ಗೋಜಲು. ಯಂತ್ರಕ್ಕೆ ಕಾಣುವುದು ಈ ಗೋಜಲೇ. ಇನ್ನು ಕೆಲವನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಓರೆಯಾಗಿ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸಿರುತ್ತಾರೆ. ಅದು ಬರೀ ಚಿತ್ರ. ಹಳೆಯ ಫಾಂಟಿನಿಂದ ಯುನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವೊತ್ತು ತಪ್ಪಿದ ಕಡೆ ತಿದ್ದಲು ಕನ್ನಡ ಬಲ್ಲ ನಾಲ್ಕು ಜನ ಬೇಕು. ಇದಕ್ಕೆ ಜಿಪಿಯು ಬೇಡ, ದೆಹಲಿಯ ಅಪ್ಪಣೆಯೂ ಬೇಡ. ಖಾಸಗಿ ವಿವರ ಇರುವ ಕಡತಗಳನ್ನು ಬಿಟ್ಟು ರಾಜ್ಯಪತ್ರ, ವಿಧಾನಮಂಡಲದ ಚರ್ಚೆ, ಇಲಾಖೆಗಳ ವಾರ್ಷಿಕ ವರದಿಗಳನ್ನು ಯುನಿಕೋಡ್ ಪಠ್ಯವಾಗಿ ಹೊರಗೆ ಬಿಟ್ಟರೆ ಸಾಕು. ಕನ್ನಡಕ್ಕೆ ಅದರಷ್ಟು ದೊಡ್ಡ ಉಪಕಾರ ಸದ್ಯಕ್ಕೆ ಇನ್ನೊಂದು ನನಗೆ ಕಾಣುತ್ತಿಲ್ಲ.

ಜಿಪಿಯು ಗಂಟೆಗಳ ಹಂಚಿಕೆ ಬಗ್ಗೆಯೂ ಒಂದು ಮಾತು. ದೇಶದ್ದೇ ಭಾಷಾ ಮಾದರಿ ಕಟ್ಟಲು ಬೆಂಗಳೂರಿನ ಸರ್ವಂ ಕಂಪನಿಗೆ 4,096 ಎಚ್100 ಜಿಪಿಯು ಮತ್ತು ಸುಮಾರು 99 ಕೋಟಿ ರೂಪಾಯಿ ಸಬ್ಸಿಡಿ ಸಿಕ್ಕಿತು. ನಮ್ಮ ರಾಜ್ಯದವರೇ ದೊಡ್ಡ ಕೆಲಸಕ್ಕೆ ಕೈ ಹಾಕಿದ್ದಾರೆ, ಅವರಿಗೆ ಯಶಸ್ಸು ಸಿಗಲಿ ಅಂತ ಮನಸ್ಸು ಬಿಚ್ಚಿ ಹೇಳುತ್ತೇನೆ. ನಮ್ಮ ಮಕ್ಕಳಿಗೆ ಬೇಕಿರುವುದು ನಾಲ್ಕು ಸಾವಿರ ಜಿಪಿಯು ಅಲ್ಲ. ಒಂದೇ ಒಂದು, ಅದೂ ವಾರಕ್ಕೆ ಕೆಲವು ಗಂಟೆ. ಈಗ ಅವರು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವುದನ್ನು ನಂಬಿದ್ದಾರೆ. ಅದು ರಾತ್ರಿ ಅರ್ಧ ತರಬೇತಿ ಆಗಿರುವಾಗ ಕೈಕೊಡುತ್ತದೆ. ಮಿಷನ್‌ನ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು ಅನ್ನುವುದು ಜಿಲ್ಲೆಗಳ ಕಾಲೇಜುಗಳಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದನ್ನು ತಿಳಿಸುವ ಕೆಲಸವನ್ನಾದರೂ ವಿಶ್ವವಿದ್ಯಾಲಯಗಳು ಮಾಡಬೇಕು. ಸಣ್ಣ ಊರುಗಳಲ್ಲಿ 570 ಡೇಟಾ ಲ್ಯಾಬ್ ತೆರೆಯುವ ಯೋಜನೆಯೂ ಇದೇ ಮಿಷನ್‌ನಲ್ಲಿದೆ, ಅಲ್ಲಿ ಯಂತ್ರ ಕಲಿಯಲು ಡೇಟಾಗೆ ಗುರುತು ಹಚ್ಚುವ ಕೆಲಸ ಕಲಿಸುತ್ತಾರೆ. ಕರ್ನಾಟಕದ ಲ್ಯಾಬುಗಳಲ್ಲಿ ಸುಮ್ನೆ ಇಂಗ್ಲಿಷ್ ಪಠ್ಯ ಇಟ್ಟು ಅಭ್ಯಾಸ ಮಾಡಿಸುವ ಬದಲು ಕನ್ನಡ, ತುಳು, ಕೊಡವ, ಲಂಬಾಣಿ ಮಾತನ್ನೇ ಕೊಡಲಿ. ಕೂಲಿ ಕೊಟ್ಟು ಮಾಡಿಸಲಿ. ಮಕ್ಕಳಿಗೆ ಕಲಿಕೆಯೂ ಆಯಿತು, ಭಾಷೆಗೆ ಡೇಟಾವೂ ಆಯಿತು.

ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಎರಡು ಪ್ರಶ್ನೆ ಕೇಳಲಿ. ಈವರೆಗೆ ಸಬ್ಸಿಡಿಯಲ್ಲಿ ಕೊಟ್ಟ ಜಿಪಿಯು ಗಂಟೆಗಳಲ್ಲಿ ಜಿಲ್ಲೆಗಳ ಕಾಲೇಜುಗಳಿಗೆ ಹೋದದ್ದು ಎಷ್ಟು? ಆ ಗಂಟೆ ಬಳಸಿದವರು ಕನ್ನಡದಲ್ಲಿ ತಯಾರಿಸಿದ ಡೇಟಾದಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟದ್ದು ಎಷ್ಟು? ಉತ್ತರ ಬಂದ ದಿನ ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಪ್ರಕಟಿಸಿ.

— ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿ, ದಾವಣಗೆರೆ