ಬೈರಾಸು ಇನ್ನೂ ಕಂಕುಳಲ್ಲೇ

ಮಾನ್ಯ ಸಂಪಾದಕರೇ,

ಭೂಸುಧಾರಣೆ ಹಳೇ ಕತೆ ಎನ್ನುವವರಿಗೆ ನಮ್ಮಜ್ಜನ ವಿಷಯ ಹೇಳುತ್ತೇನೆ. ದಕ್ಷಿಣ ಕನ್ನಡದ ಗೇಣಿ ಒಕ್ಕಲು. ವರ್ಷವರ್ಷ ಅಕ್ಕಿ ಮುಡಿ ಹೊತ್ತು ಧಣಿಗಳ ಮನೆಗೆ ಹೋಗಿ, ಹೆಗಲ ಬೈರಾಸು (ಟವೆಲು) ತೆಗೆದು ಕಂಕುಳಲ್ಲಿಟ್ಟು ಅಂಗಳದಲ್ಲೇ ನಿಲ್ಲುತ್ತಿದ್ದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಗೇಣಿ ಗದ್ದೆ ಒಕ್ಕಲಿಗೇ ಸಿಗುವಂತೆ ಭೂಸುಧಾರಣಾ ಕಾಯ್ದೆ ತಿದ್ದಿತು, ಅಜ್ಜ ಡಿಕ್ಲರೇಷನ್ (ಗೇಣಿ ಗದ್ದೆ ತನಗೆ ಸಿಗಬೇಕೆಂಬ ಅರ್ಜಿ) ಕೊಟ್ಟರು, ಗದ್ದೆ ಅವರ ಹೆಸರಿಗಾಯಿತು. ಆದರೂ ಧಣಿ ಮನೆ ಮದುವೆಗೆ ಹೋದಾಗ ಜಗಲಿ ಹತ್ತಲಿಲ್ಲ (ಧಣಿಗಳು ಕರೆದಿದ್ದರು, ಪಾಪ). ಸಾಯುವ ತನಕ ಓಟು ಮಾತ್ರ ಗದ್ದೆ ಕೊಟ್ಟ ಪಕ್ಷಕ್ಕೆ. ಅದೇ ಊರಲ್ಲಿ, ಅದೇ ಕಾಯ್ದೆಯಿಂದ ಇದ್ದ ಒಂದೇ ಗದ್ದೆ ಕಳೆದುಕೊಂಡ ಅಜ್ಜಿಯೊಬ್ಬರು ಆ ಪಕ್ಷದ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಇಬ್ಬರದೂ ಸುಮ್ನೆ ಹಟ ಅಲ್ಲ, ಅಲ್ವಾ?

2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಈಗ ಕಾರು ನಿಲ್ಲಿಸಿ ರೇಟು ಕೇಳುವವರು ಜಾಸ್ತಿ. ಮೊನ್ನೆ ಒಬ್ಬರಿಗೆ ನಾನೂ ಎದ್ದು ನಿಂತೇ ಉತ್ತರ ಕೊಟ್ಟೆ.

– ಓದುಗ, ದಕ್ಷಿಣ ಕನ್ನಡ